ಮೂರನೇ ಚರಣದ ಇಳಿತ

ಹೋದ ತಿಂಗಳು ಪುಟ್ಟೇನಹಳ್ಳಿಯ ನನ್ನ ತಂಗಿ ತನ್ನ ಹಳೇ ಬೀರು ತೆರೆದು, "ಅಕ್ಕಾ, ಈ ರೇಷ್ಮೆ ಸೀರೆ ನಿಂದೇ ಅಲ್ವಾ?" ಎಂದಳು. ಸೀರೆ ಯಾರದೋ ನಾನು ನೋಡಲಿಲ್ಲ. ಒಳಗಿಂದ ನುಸಿಗುಳಿಗೆ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು, ನಾನು ಅಲ್ಲೇ ಮಂಚದ ಮೇಲೆ ಕುಳಿತುಬಿಟ್ಟೆ. ಜಯನಗರದ ನಮ್ಮ ಚರ್ಚಿನ ಹಳೇ ಆರ್ಗನ್ನಿನೊಳಗೆ ಇಲಿ ಸೇರದಿರಲೆಂದು ತಿಂಗಳಿಗೊಮ್ಮೆ ನಾನೇ ಕೈಯಾರೆ ಹಾಕುತ್ತಿದ್ದ ಗುಳಿಗೆಗಳದ್ದು ಅದೇ ವಾಸನೆ. ಆ ವಾಸನೆಯ ಬೆನ್ನಿಗೇ ನಿರ್ಮಲಾ ಬಂದಳು. ಅವಳ ಹೆಸರು ಯಾರಾದರೂ ಎತ್ತಿದರೆ ಇವತ್ತಿಗೂ ನಾನು ಮಾತು ಬದಲಿಸುತ್ತೇನೆ. ಹೊಟ್ಟೆಕಿಚ್ಚು ಅನ್ನಿ, ಪರವಾಗಿಲ್ಲ. ಅದಕ್ಕೆ ಬೇರೆ ಚಂದದ ಹೆಸರಿಟ್ಟುಕೊಂಡು ಓಡಾಡುವ ವಯಸ್ಸು ನನ್ನದಲ್ಲ.

ತೊಂಬತ್ತರ ದಶಕದ ನಡುವಿನ ಒಂದು ವರ್ಷ, ಸೆಪ್ಟೆಂಬರಿನಿಂದ ಜನವರಿಯವರೆಗಿನ ಮಾತು. ನಾನಾಗ ಮೂವತ್ತಾರರ ಹೆಂಗಸು. ಜೆ.ಪಿ. ನಗರದಲ್ಲಿ ಮನೆ, ಮನೆಯಲ್ಲಿ ಅತ್ತೆ, ಯಜಮಾನರು, ಎರಡು ಮಕ್ಕಳು. ಅವರಿಗೆಲ್ಲ ನಾನು ಸೊಸೆ, ಹೆಂಡತಿ, ಅಮ್ಮ. ಆದರೆ ಶನಿವಾರ ಸಂಜೆ ನಾಲ್ಕೂವರೆಗೆ ಕ್ವಾಯರಿನ, ಅಂದರೆ ಹಾಡುವ ಗುಂಪಿನ, ಅಭ್ಯಾಸಕ್ಕೆಂದು ಚರ್ಚಿನ ಮೆಟ್ಟಿಲು ಹತ್ತಿದ ಮೇಲೆ ನಾನು 'ಆರ್ಗನ್ ಸುಗುಣ'. ಹನ್ನೊಂದು ವರ್ಷ ಆ ಬೆಂಚಿನ ಮೇಲೆ ನನ್ನನ್ನು ಬಿಟ್ಟು ಇನ್ನೊಬ್ಬರು ಕೂತಿರಲಿಲ್ಲ. ಹೆರಿಗೆಯ ಸಮಯದಲ್ಲಿ ಮೂರು ತಿಂಗಳು ನಾನು ಬರದೇ ಇದ್ದಾಗ ಸಭೆಯವರು ಬರೀ ಬಾಯಲ್ಲೇ ಹಾಡಿಕೊಂಡರಂತೆ. ಆ ಸುದ್ದಿ ಕೇಳಿ ಮಗು ಹುಟ್ಟಿದ್ದಕ್ಕಿಂತ ಒಂದು ಗುಲಗಂಜಿ ಹೆಚ್ಚೇ ಸಂತೋಷವಾಗಿತ್ತು ನನಗೆ.

ಹಳೇ ಆರ್ಗನ್ ಎಂದರೆ ಕಾಲಲ್ಲಿ ತಿದಿ ತುಳಿಯುವಂಥದ್ದು. ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿಯುತ್ತಲೇ ಇರಬೇಕು, ನಿಲ್ಲಿಸಿದರೆ ಉಸಿರು ಹೋಯಿತು. ಮಳೆಗಾಲದಲ್ಲಿ ಅದರ ಮರ ಉಬ್ಬಿ ಎರಡು ಕೀಗಳು ಒತ್ತಿದರೆ ಮೇಲೇಳುತ್ತಿರಲಿಲ್ಲ, ಕಿರುಬೆರಳಲ್ಲಿ ಎತ್ತಿಕೊಂಡು ಬಾರಿಸಬೇಕಿತ್ತು. ನನಗೆ ಇದನ್ನೆಲ್ಲ ಕಲಿಸಿದವರು ನಮ್ಮ ಕ್ವಾಯರ್ ಮಾಸ್ಟರ್, ದಯಾನಂದ ಮೇಷ್ಟ್ರು. ಹೈಸ್ಕೂಲಿನಿಂದ ನಿವೃತ್ತರಾದವರು, ಬಿಳಿ ಶರ್ಟಿನ ಜೇಬಿನಲ್ಲಿ ಸದಾ ಸೀಮೆಸುಣ್ಣದ ತುಂಡು. ಹೆಂಗಸರ ಮೇಲಿನ ದನಿ ಸೊಪ್ರಾನೊ, ಕೆಳಗಿನದು ಆಲ್ಟೊ, ಗಂಡಸರ ಮೇಲಿನದು ಟೆನರ್, ಕೆಳಗಿನದು ಬೇಸ್ ಎಂದು ನಾಲ್ಕು ಸಾಲು ನಿಲ್ಲಿಸಿ, ಕರಿಹಲಗೆಯ ಮೇಲೆ ದೊ ರೆ ಮಿ ಬರೆದು, ಸೊಪ್ಪು ಮಾರುವವರು, ಬ್ಯಾಂಕಿನವರು, ನರ್ಸುಗಳು ಎಲ್ಲರಿಂದಲೂ ನಾಲ್ಕು ದನಿಯ ಕನ್ನಡ ಕೀರ್ತನೆ ಹೊರಡಿಸುತ್ತಿದ್ದರು. ಅವರಿಗೆ ಒಂದೇ ಒಂದು ಜಂಬ. "ನಮ್ಮ ಕ್ವಾಯರ್ ಶ್ರುತಿ ಬಿಡಲ್ಲ ಕಣ್ರಮ್ಮ. ಬೇರೆ ಚರ್ಚ್‌ನೋರ ಥರ ಅಲ್ಲ. ಮೂರನೇ ಚರಣ ಆರ್ಗನ್ ಇಲ್ದೆ ಹಾಡಿ, ನಾಲ್ಕನೇದಕ್ಕೆ ಆರ್ಗನ್ ಬಂದ್ರೆ ಎಲ್ಲಿ ಬಿಟ್ಟಿದ್ವೋ ಅಲ್ಲೇ ಸಿಗುತ್ತೆ!"

ಸಿಗುತ್ತಿರಲಿಲ್ಲ. ಇದೇ ನನ್ನ ಗುಟ್ಟು. ವಾದ್ಯವಿಲ್ಲದೆ ಹಾಡುವಾಗ ಎಂಥ ಗುಂಪಿನ ಶ್ರುತಿಯೂ ಮೆಲ್ಲಗೆ ಕೆಳಗೆ ಜಾರುತ್ತದೆ. ನಮ್ಮವರು ಮೂರನೇ ಚರಣ ಮುಗಿಸುವ ಹೊತ್ತಿಗೆ ಸರಿಯಾಗಿ ಅರ್ಧ ಸ್ವರ ಇಳಿದಿರುತ್ತಿದ್ದರು. ನಾನು ಬಾರಿಸಿದ ಮೊದಲ ಹಬ್ಬದ ಆರಾಧನೆಯಲ್ಲೇ ಕೊನೇ ಗಳಿಗೆಯಲ್ಲಿ ಅದು ನನ್ನ ಕಿವಿಗೆ ಬಿದ್ದು, ಬೆರಳುಗಳು ತಾವಾಗಿಯೇ ಒಂದು ಕೀ ಕೆಳಗೆ ಹೋಗಿದ್ದವು. ಅಂದಿನಿಂದ ಪ್ರತಿ ಹಾಡನ್ನೂ ಮನೆಯಲ್ಲಿ ಅತ್ತೆಯ ಹಾರ್ಮೋನಿಯಂ ಮೇಲೆ ಎರಡು ಸಲ ಅಭ್ಯಾಸ ಮಾಡುತ್ತಿದ್ದೆ, ಪುಸ್ತಕದಲ್ಲಿದ್ದ ಹಾಗೆ ಒಂದು ಸಲ, ಅರ್ಧ ಸ್ವರ ಇಳಿಸಿ ಇನ್ನೊಂದು ಸಲ. ಇಳಿಸಿದರೆ ಕಪ್ಪು ಕೀಗಳೆಲ್ಲ ಬದಲಾಗಿ ಬೆರಳು ತಡಕಾಡುತ್ತವೆ, ಹುಡುಗಾಟವಲ್ಲ. ಯಜಮಾನರಿಗೆ ಸಂಗೀತವೂ ಒಂದೇ, ಕುಕ್ಕರಿನ ಶಿಳ್ಳೆಯೂ ಒಂದೇ. "ಒಂದೇ ಹಾಡನ್ನ ಎರಡೆರಡು ಸಲ ಯಾಕೇ ಕುಟ್ತೀಯ?" ಎನ್ನುತ್ತಿದ್ದರು. "ಒಂದು ದೇವರಿಗೆ, ಒಂದು ಮೇಷ್ಟ್ರಿಗೆ" ಎನ್ನುತ್ತಿದ್ದೆ. ಮೇಷ್ಟ್ರಿಗೆ ಹೇಳಿದರೆ ಅವರ ಜಂಬ ಮುರಿದು ಬೀಳುತ್ತಿತ್ತು, ಪಾಪ. ಮಧ್ಯವಯಸ್ಸು ದಾಟಿದ ಮೇಲೆ ಅವರ ಎಡಗಿವಿಯೂ ಮಂದವಾಗಿತ್ತು. ಹನ್ನೊಂದು ವರ್ಷ ಯಾರಿಗೂ ತಿಳಿಯದಂತೆ ಆ ಇಡೀ ಗುಂಪನ್ನು ನಾನು ಸೊಂಟದ ಮೇಲೆ ಹೊತ್ತುಕೊಂಡಿದ್ದೆ. ಯಾರಿಗೂ ತಿಳಿಯದು ಎನ್ನುವುದೇ ಅದರ ಸುಖವಾಗಿತ್ತು.

ಸೆಪ್ಟೆಂಬರಿನ ಒಂದು ಮಳೆಯ ಮಧ್ಯಾಹ್ನ ಲಾರಿಯಲ್ಲಿ ಹೊಸ ಆರ್ಗನ್ ಬಂತು. ಹೊಸದೆಂದರೆ ನಮಗೆ ಹೊಸದು. ಬೆಟ್ಟದ ಮೇಲಿನ ಯಾವುದೋ ಮುಚ್ಚಿದ ಶಾಲೆಯ ಚಾಪೆಲಿನದಂತೆ, ಅಂದರೆ ಅಲ್ಲಿನ ಪುಟ್ಟ ಪ್ರಾರ್ಥನಾಮಂದಿರದ್ದು. ಕರೆಂಟಿನದು. ಕೈಗೆ ಎರಡು ಸಾಲು ಕೀ, ಮೇಲಾಗಿ ಕಾಲಿಗೂ ಒಂದು ಸಾಲು ಮರದ ಕೀ. ಅವನ್ನು ಪಾದದಲ್ಲಿ ಒತ್ತಿದರೆ ನೆಲವೇ ಗುಡುಗಿದಂಥ ಮಂದ್ರ ಸ್ವರ. ಹಳೆಯದನ್ನು ಸಾಮಾನು ಕೋಣೆಗೆ ತಳ್ಳಿದರು. ಮುಂದಿನ ಭಾನುವಾರ ನಾನು ಕಂಚಿ ಸೀರೆಯುಟ್ಟು ಹೋಗಿ ಕುಳಿತೆ. ಮೊದಲ ಕೀರ್ತನೆ ಎತ್ತಿಕೊಂಡೆ. ಹನ್ನೊಂದು ವರ್ಷ ತಿದಿ ತುಳಿದ ಕಾಲುಗಳು ನನ್ನನ್ನು ಕೇಳುತ್ತವೆಯೇ? ಎಡಗಾಲು, ಬಲಗಾಲು, ಎಡಗಾಲು, ತುಳಿದವು ನೋಡಿ! ಕೈಯಲ್ಲಿ ದೇವರ ಸ್ತುತಿ, ಕಾಲಲ್ಲಿ ಎಮ್ಮೆ ಕೂಗು. ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ಬೈಬಲಿನಿಂದ ತಲೆ ಎತ್ತಿ ಸುತ್ತ ನೋಡಿದರು. ಸಂಡೇ ಸ್ಕೂಲಿನ ಮಕ್ಕಳು ಬೆಂಚಿನ ಕೆಳಗೆ ಬಗ್ಗಿ ನಕ್ಕರು, ನನ್ನ ಹೆತ್ತ ಮಕ್ಕಳೂ ಸೇರಿ. ಆಮೇಲೆ ನಾನು ಎರಡೂ ಕಾಲನ್ನು ಬೆಂಚಿನಡಿ ಒಂದಕ್ಕೊಂದು ಸುತ್ತಿಟ್ಟುಕೊಂಡು, ಕೈಯಲ್ಲಷ್ಟೇ ಬಾರಿಸಿ ಮುಗಿಸಿದೆ.

ಎರಡು ವಾರ ಕಳೆದಿತ್ತು. ಶನಿವಾರ ಸ್ವಲ್ಪ ಬೇಗ ಹೋದೆ. ಗೇಟಿನಲ್ಲೇ ಕೇಳಿಸಿತು. ಕೈಯೂ ಕಾಲೂ ಕೂಡಿದ ನಾದ. ಕೆಳಗಿನ ಸ್ವರ ಬೇರೆಯೇ ದಾರಿ ಹಿಡಿದು ನಡೆಯುತ್ತಿದೆ, ಮೇಲೆ ಹಾಡು ಬೇರೆ ನಡೆಯುತ್ತಿದೆ, ಎರಡೂ ಕೂಡುವಲ್ಲಿ ಕೂಡುತ್ತಿವೆ. ಛತ್ರಿ ಮಡಿಸುವುದನ್ನೂ ಮರೆತು ಬಾಗಿಲಲ್ಲಿ ನಿಂತೆ. ನನ್ನ ಬೆಂಚಿನ ಮೇಲೆ ಒಬ್ಬ ಹುಡುಗಿ, ಇಪ್ಪತ್ಮೂರೋ ಇಪ್ಪತ್ನಾಲ್ಕೋ ವಯಸ್ಸು. ಎಣ್ಣೆ ಹಚ್ಚಿದ ಉದ್ದ ಜಡೆ, ಬರಿಗಾಲು. ಕಾಲು ನೋಡದೆಯೇ ಹಿಮ್ಮಡಿ, ಬೆರಳು, ಹಿಮ್ಮಡಿ, ಬೆರಳು ಎಂದು ಸರಾಗವಾಗಿ ಓಡಾಡಿಸುತ್ತಿದ್ದಳು. ಪಕ್ಕದಲ್ಲಿ ಮೇಷ್ಟ್ರು ಕಣ್ಣು ಮುಚ್ಚಿ ನಿಂತಿದ್ದರು. ನಾನು ಬಾರಿಸುವಾಗ ಅವರು ಕಣ್ಣು ಮುಚ್ಚಿದ್ದನ್ನು ನಾನು ಕಂಡಿರಲಿಲ್ಲ.

"ಸುಗುಣಾ, ಬಾಮ್ಮ ಬಾ! ಇವಳು ನಿರ್ಮಲಾ ಅಂತ. ಧಾರವಾಡದ ಕಡೆಯೋಳು. ಬಿ.ಟಿ.ಎಂ.ನಲ್ಲಿ ರೂಮ್ ಮಾಡ್ಕೊಂಡಿದಾಳೆ. ದೇವರೇ ಕಳ್ಸಿದಾನೆ ನೋಡು."

ಹುಡುಗಿ ಎದ್ದು ಕೈ ಮುಗಿದಳು. "ನಮಸ್ಕಾರ್ರೀ ಅಕ್ಕಾರ. ನಿಮ್ಮ ಆರ್ಗನ್ ಭಾಳ ಛಲೋ ಐತ್ರಿ."

ನಿಮ್ಮ ಆರ್ಗನ್! ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಒಂದರಲ್ಲಿ ಅವಳು ಟೆಲಿಫೋನ್ ಆಪರೇಟರ್. ಶನಿವಾರ ಅರ್ಧ ದಿನದ ಕೆಲಸ ಮುಗಿಸಿ, ಬಸ್ಸು ಬದಲಿಸಿ, ಊಟದ ಡಬ್ಬಿಯೊಂದಿಗೆ ನೇರ ಬರುತ್ತಿದ್ದಳು. ಅಪ್ಪ ಊರಿನ ಪಾದ್ರಿಗಳ ತರಬೇತಿ ಶಾಲೆಯಲ್ಲಿ ಅಡುಗೆಯವರು. ಅಲ್ಲಿನ ಚಾಪೆಲಿನಲ್ಲಿ ಇಂಥದೇ ಒಂದು ಆರ್ಗನ್ ಇತ್ತಂತೆ. "ನಂಗ ದಿನಾ ಮುಟ್ಟಾಕ ಕೊಡ್ತಿದ್ದಿಲ್ಲರೀ. ಅಡಗಿ ಮನ್ಯಾಗ ನೆಲದ ಮ್ಯಾಲೆ ಇದ್ದಲಿಲೆ ಗೆರಿ ಎಳದು, ಅಪ್ಪ ರೊಟ್ಟಿ ಬಡಿಯೂಮುಂದ ನಾ ಅಲ್ಲೇ ಕುರ್ಚಿ ಹಾಕ್ಕೊಂಡು ಕಾಲ ಆಡಸ್ತಿದ್ದೆ" ಎಂದು ನಕ್ಕಳು. ಎಲ್ಲರೂ "ಅಯ್ಯೋ ಪಾಪ, ಎಷ್ಟು ಶ್ರದ್ಧೆ" ಎಂದರು. ಅವಳು ಕೆಟ್ಟವಳಾಗಿದ್ದಿದ್ದರೆ ನನಗೆ ಎಷ್ಟು ಸುಖವಿತ್ತು! ಜಂಬಗಾತಿಯಾಗಿದ್ದರೆ, ಸೋಮಾರಿಯಾಗಿದ್ದರೆ, ಕಡೇ ಪಕ್ಷ ತಡವಾಗಿ ಬರುವವಳಾಗಿದ್ದರೆ! ಯಾವುದೂ ಇಲ್ಲ. ಮುಂದಿನ ವಾರ ನನಗೆಂದೇ ಶೇಂಗಾ ಹೋಳಿಗೆ ತಂದಳು. ಮನೆಗೆ ಹೋಗಿ ಒಬ್ಬಳೇ ನಾಲ್ಕು ತಿಂದೆ. ರುಚಿಯಾಗಿತ್ತು, ಅದಕ್ಕೂ ಸಿಟ್ಟು ಬಂತು.

ನಾನೂ ಸುಮ್ಮನೆ ಕೂರಲಿಲ್ಲ. ಆರ್ಗನ್ ಮುಚ್ಚಳದ ಬೀಗದ ಕೈ ಎರಡು ಸಲ 'ಮರೆತು' ಮನೆಯಲ್ಲೇ ಬಿಟ್ಟು ಬಂದೆ. ಅವಳು ಏನಾದರೂ ಕೇಳಿದರೆ, "ನಿಮ್ಮ ಕಡೆ ಹೆಂಗೋ ಏನೋಮ್ಮ, ಇಲ್ಲಿ ನಡೆಯೋದು ಹಿಂಗೆ" ಎನ್ನುತ್ತಿದ್ದೆ. ರಾತ್ರಿ ಊಟಕ್ಕೆ ಬಡಿಸುತ್ತಾ ಯಜಮಾನರ ಮುಂದೆ ಕಕ್ಕಿಕೊಂಡರೆ ಅವರು, "ಹೊಟ್ಟೆಕಿಚ್ಚು ಕಣೇ ನಿಂಗೆ" ಎಂದರು. "ಹೌದು, ಇದೆ. ಏನೀಗ? ಸಾರು ಹಾಕ್ಲಾ?" ಎಂದೆ. ಅಡ್ವೆಂಟಿನ, ಅಂದರೆ ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ವಾರಗಳ, ಮೊದಲ ಶನಿವಾರ, ಹೊರಗೆ ಡಿಸೆಂಬರಿನ ಚಳಿ ಆಗಲೇ ಕಾಲಿಟ್ಟಿತ್ತು, ಮೇಷ್ಟ್ರು ನನ್ನನ್ನು ಬದಿಗೆ ಕರೆದರು. ಶಾಲಿನ ತುದಿ ತಿರುಚುತ್ತಾ ಮಾತಿಗೆ ತಡಕಾಡಿದರು.

"ಸುಗುಣಾ, ಬೇಜಾರ್ ಮಾಡ್ಕೋಬೇಡ. ಈ ಸಲ ಕ್ರಿಸ್‌ಮಸ್ ಕ್ಯಾರಲ್ ಆರಾಧನೆಗೆ ಆ ಹುಡುಗಿ ಕೂತ್ಕೊಳ್ಳಲಿ. ನೀನು ಆಲ್ಟೊ ಸಾಲಲ್ಲಿ ಹಾಡು. ಅಲ್ಲೂ ಗಟ್ಟಿ ದನಿ ಬೇಕು. ಅವಳಿಗೆ ನಮ್ಮ ಪದ್ಧತಿ ಎಲ್ಲಾ ಸ್ವಲ್ಪ ಹೇಳ್ಕೊಡು."

"ಅದಕ್ಕೇನು ಮೇಷ್ಟ್ರೇ, ಹೇಳ್ಕೊಡ್ತೀನಿ" ಎಂದೆ. ನನ್ನ ದನಿ ಜೇನಿನಂತಿತ್ತು. ಚರ್ಚಿನ ಹಿಂದಿನ ನಲ್ಲಿಯಲ್ಲಿ ಮುಖ ತೊಳೆದುಕೊಂಡು ಬಂದು ಆಲ್ಟೊ ಸಾಲಿನಲ್ಲಿ ನಿಂತೆ.

ಈಗ ಒಂದು ವಿಷಯ ಹೇಳಬೇಕು. ಮೇಷ್ಟ್ರು ಅಭ್ಯಾಸ ಮಾಡಿಸುತ್ತಿದ್ದ ರೀತಿ ಬೇರೆ. ಹಾಡನ್ನು ಅವರು ಎಂದೂ ಒಂದೇ ಉಸಿರಿಗೆ ಕೊನೆಯವರೆಗೆ ಹಾಡಿಸುತ್ತಿರಲಿಲ್ಲ. "ಗಂಟಲು ಉಳಿಸ್ಕೊಳ್ರಪ್ಪಾ" ಎಂದು ಒಂದೊಂದೇ ಚರಣ ಹಾಡಿಸಿ, ನಿಲ್ಲಿಸಿ, ತಿದ್ದಿ, ಮತ್ತೆ ಆರ್ಗನ್ನಿನಿಂದ ಹೊಸದಾಗಿ ಶ್ರುತಿ ಕೊಡಿಸಿ ಮುಂದಿನ ಚರಣ ಎತ್ತಿಸುತ್ತಿದ್ದರು. ಹಾಗಾಗಿ ಅಭ್ಯಾಸದಲ್ಲಿ ಆ ಇಳಿತ ಯಾರ ಕಿವಿಗೂ ಬೀಳುತ್ತಿರಲಿಲ್ಲ. ಅದು ಕಾಣುತ್ತಿದ್ದದ್ದು ಆರಾಧನೆಯಲ್ಲಿ ಮಾತ್ರ, ತಿಳಿದಿದ್ದು ನನಗೊಬ್ಬಳಿಗೇ. ನಿರ್ಮಲಾ ಚುರುಕಿನವಳು, ಕ್ಯಾರಲ್ ಆರಾಧನೆಯ ಹಿಂದಿನ ದಿನ ನನ್ನನ್ನೇ ಹುಡುಕಿಕೊಂಡು ಬಂದಳು.

"ಅಕ್ಕಾರ, ವಿಶೇಷ ಗೀತೆ ಮೂರನೇ ಚರಣ ನಾ ಬಾರಸಂಗಿಲ್ಲಲ್ಲರಿ. ನಾಲ್ಕನೇದಕ್ಕ ಹೆಂಗ ಬರಬೇಕ್ರಿ? ಏನರ ನೋಡ್ಕೋಬೇಕೇನ್ರಿ?"

ಇಷ್ಟು ನೇರವಾಗಿ ಕೇಳಿದಳು. ನಾನು ಅವಳ ಮುಖ ನೋಡಿದೆ. ಹೇಳಲು ಒಂದೇ ವಾಕ್ಯ ಸಾಕಿತ್ತು.

"ಏನಿಲ್ಲಮ್ಮ. ಮೇಷ್ಟ್ರ ಕೈ ನೋಡ್ತಿರು. ಕೈ ಎತ್ತಿದ ತಕ್ಷಣ ಧೈರ್ಯವಾಗಿ, ಜೋರಾಗಿ ಬಾ" ಎಂದೆ.

ಕ್ಯಾರಲ್ ಆರಾಧನೆಯ ಸಂಜೆ ಜನವೋ ಜನ. ಹೊರಗೆ ಬೆಂಚು ಹಾಕಿದ್ದರು, ತಲೆಗೆ ಮಫ್ಲರ್ ಸುತ್ತಿಕೊಂಡವರು, ಕೈಯಲ್ಲಿ ಮೇಣದಬತ್ತಿ ಹಿಡಿದವರು. ವಿಶೇಷ ಗೀತೆಗೆ ನಾವೆಲ್ಲ ಎದ್ದು ನಿಂತೆವು. ಮೊದಲನೆಯ ಚರಣ ಹೊಸ ಆರ್ಗನ್ನಿನ ಭರ್ಜರಿ ನಾದದಲ್ಲಿ ಹೋಯಿತು, ಕಿಟಕಿಯ ಗಾಜುಗಳು ಝಣ್ ಎಂದವು. ಎರಡನೆಯದೂ ಆಯಿತು. ಮೂರನೆಯದಕ್ಕೆ ನಿರ್ಮಲಾ ಕೈ ತೊಡೆಯ ಮೇಲಿಟ್ಟುಕೊಂಡಳು. ನಾವು ಬರೀ ದನಿಯಲ್ಲಿ ಹಾಡಿದೆವು. ನನ್ನ ಬಾಯಿ ಹಾಡುತ್ತಿತ್ತು, ಕಿವಿ ಕಾಯುತ್ತಿತ್ತು. ಎರಡನೇ ಸಾಲಿಗೆ ಸರಿಯಾಗಿ ಟೆನರಿನ ಆನಂದಪ್ಪನವರು ಪುಸ್ತಕ ನೋಡಲು ತಲೆ ಬಗ್ಗಿಸಿದರು. ಅವರು ಬಗ್ಗಿದರೆಂದರೆ ದನಿಯೂ ಬಗ್ಗಿತು, ಅವರ ಹಿಂದೆ ಉಳಿದವರದೂ. ಕೊನೆಯ ಸಾಲಿಗೆ ಅರ್ಧ ಸ್ವರ ಪೂರ್ತಿ ಇಳಿದಿತ್ತು. ಎಂದಿನಂತೆ, ಗಡಿಯಾರದ ಹಾಗೆ. ಕರ್ತನ ಜನನದ ಹಾಡು ಹಾಡುತ್ತಾ ನಾನು ಒಳಗೊಳಗೇ, ಹ್ಞೂಂ, ಈಗ ಬಾರಮ್ಮಾ, ಎಂದೆ.

ಮೇಷ್ಟ್ರು ಕೈ ಎತ್ತಿದರು. ಅವಳು ನಾನು ಹೇಳಿಕೊಟ್ಟಂತೆಯೇ ಧೈರ್ಯವಾಗಿ, ಜೋರಾಗಿ ಬಂದಳು. ಅಬ್ಬಬ್ಬಾ! ಬಾಗಿಲಿಗೆ ಬೆರಳು ಸಿಕ್ಕಿದಾಗ ಆಗುವಂತೆ ಇಡೀ ಚರ್ಚಿಗೇ ಚುರ್ ಎಂದಿತು. ಮುಂದಿನ ಸಾಲಿನ ಮಗುವೊಂದು ಕಿರುಚಿತು. ಮೇಷ್ಟ್ರ ಮುಖ ಸುಣ್ಣದಂತಾಯಿತು. ನನಗೆ ಎಷ್ಟು ಖುಷಿಯಾಯಿತೆಂದರೆ, ಒಂದೇ ಒಂದು ಕ್ಷಣ, ಆಹಾ, ಬೇಸಿಗೆಯಲ್ಲಿ ಮಜ್ಜಿಗೆ ಕುಡಿದಷ್ಟು.

ಒಂದೇ ಕ್ಷಣ. ಅವಳು ಕೀಗಳಿಂದ ಕೈ ಎತ್ತಿಬಿಟ್ಟಳು. ನಮ್ಮವರು ಬೆದರಿದರೂ ಹಾಡು ಬಿಡಲಿಲ್ಲ. ಬೆದರಿದ್ದಕ್ಕೋ ಏನೋ ಒಬ್ಬರ ದನಿಯನ್ನೊಬ್ಬರು ಗಟ್ಟಿಯಾಗಿ ಹಿಡಿದುಕೊಂಡರು. ಆರ್ಗನ್ ಇಲ್ಲದೆಯೇ ಎರಡು ಸಾಲು ಹೋಯಿತು. ನಿರ್ಮಲಾ ತಲೆ ಒಂದು ಬದಿಗೆ ವಾಲಿಸಿ ಕೇಳುತ್ತಿದ್ದಳು. ಆಮೇಲೆ ಕಾಲಿನಿಂದ ಒಂದೇ ಒಂದು ಮಂದ್ರ ಸ್ವರ ಎಬ್ಬಿಸಿದಳು, ಕೇಳಿಸಿತೋ ಇಲ್ಲವೋ ಎನ್ನುವಷ್ಟು ಮೆಲ್ಲಗೆ, ನಾವು ಇಳಿದಿದ್ದ ಶ್ರುತಿಗೆ ಕರಾರುವಾಕ್ಕಾಗಿ. ಅದರ ಮೇಲೆ ಎಡಗೈ ಸೇರಿತು, ಬಲಗೈ ಸೇರಿತು. ಕಡೆಯ 'ಆಮೆನ್'ಗೆ ಎಲ್ಲ ನಾದವೂ ಒಟ್ಟಿಗೆ ಎದ್ದು ನಿಂತಿತು. ಮುಗಿದಾಗ ಮೂರನೇ ಸಾಲಿನ ಅಜ್ಜಿಯೊಬ್ಬರು ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ಇದೆಲ್ಲ ಬೇಕೆಂದೇ ಹಾಗೆ ಕೂಡಿಸಿದ್ದು ಎಂದುಕೊಂಡರಂತೆ ಜನ. ಮೊದಲು ಲೋಕದ ಕಗ್ಗತ್ತಲೆ, ಆಮೇಲೆ ಬೆಳಕು ಮೂಡುವುದು! ಅಯ್ಯನವರು ಪ್ರಸಂಗದಲ್ಲಿಯೂ ಅದನ್ನೇ ಹೇಳಿದರು. ನಾನು ತೋಡಿದ ಗುಂಡಿಯಲ್ಲಿ ಅವಳಿಗೆ ನೀರು ಸಿಕ್ಕಿಬಿಟ್ಟಿತು.

ಆರಾಧನೆ ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಕೇಕು, ಕಾಫಿ. ನಿರ್ಮಲಾ ಲೋಟ ಹಿಡಿದು ನೇರ ನನ್ನ ಹತ್ತಿರ ಬಂದಳು. ಪಕ್ಕದಲ್ಲೇ ಮೇಷ್ಟ್ರಿದ್ದರು.

"ಅಕ್ಕಾರ, ಮೂರನೇ ಚರಣದಾಗ ನಮ್ಮವರು ಅರ್ಧ ಸ್ವರ ಇಳೀತಾರ. ನಿಮಗ ಗೊತ್ತಿತ್ತೇನ್ರಿ?"

ಮೇಷ್ಟ್ರ ಲೋಟ ಬಾಯಿಯ ಹತ್ತಿರ ನಿಂತಿತು. "ನಮ್ಮ ಕ್ವಾಯರ್ರಾ? ಇಳಿಯುತ್ತಾ?"

"ಹೌದ್ರೀ ಸರ. ಇವತ್ತ ಇಳದ್ರು."

ಇಬ್ಬರೂ ನನ್ನ ಕಡೆ ತಿರುಗಿದರು. ಗೊತ್ತಿತ್ತು ಎಂದರೆ ನಾನು ನೀಚಳು, ನಿನ್ನೆ ಕೇಳಿದಾಗ ಬೇಕೆಂದೇ ಸುಳ್ಳು ಹೇಳಿದವಳು. ಗೊತ್ತಿರಲಿಲ್ಲ ಎಂದರೆ ಹನ್ನೊಂದು ವರ್ಷ ಆ ಬೆಂಚಿನ ಮೇಲೆ ಕೂತ ಕಿವುಡಿ. ಆರಿಸಿಕೊಳ್ಳಲು ನನಗೆ ಒಂದು ಗುಟುಕು ಕಾಫಿಯಷ್ಟು ಸಮಯವಿತ್ತು.

"ಇಲ್ಲಪ್ಪಾ" ಎಂದೆ. "ನಂಗೆ ಗೊತ್ತೇ ಇಲ್ಲ."

"ಹಂಗಾರ ಇಷ್ಟ ವರ್ಷ ನಾಲ್ಕನೇ ಚರಣ ಹೆಂಗ ಬಾರಿಸಿದ್ರಿ?" ಅವಳ ದನಿಯಲ್ಲಿ ಕೊಂಕಿರಲಿಲ್ಲ, ನಿಜವಾಗಿಯೂ ಅರ್ಥವಾಗದೆ ಕೇಳಿದ್ದು.

ಉತ್ತರ ಕೊಟ್ಟವರು ಮೇಷ್ಟ್ರು. ನನ್ನ ಭುಜದ ಮೇಲೆ ಕೈಯಿಟ್ಟು, ಬಹಳ ಪ್ರೀತಿಯಿಂದ, "ಹಳೇ ಪೆಟ್ಟಿಗೆ ಅಲ್ವೇನಮ್ಮ, ಅದರ ಗೊರಗೊರ ಸದ್ದಲ್ಲಿ ಯಾರಿಗೆ ಏನ್ ಗೊತ್ತಾಗುತ್ತೆ! ನಮ್ಮ ಸುಗುಣಂಗೆ ಕಿವಿ ಸೂಕ್ಷ್ಮ ಸ್ವಲ್ಪ ಕಮ್ಮಿ. ಆದ್ರೆ ಶ್ರದ್ಧೆ ನೋಡು, ಹೆರಿಗೆ ಟೈಮ್ ಬಿಟ್ರೆ ಹನ್ನೊಂದು ವರ್ಷ ಒಂದು ಭಾನುವಾರ ತಪ್ಪಿಸಿದೋಳಲ್ಲ. ನೀನೇ ಅವಳಿಗೆ ಸ್ವಲ್ಪ ತೋರ್ಸ್ಕೊಡಮ್ಮ" ಎಂದರು.

ಕಿವಿ ಕಮ್ಮಿ! ಅವರ ಮರ್ಯಾದೆಯನ್ನು ಹಬ್ಬ ಹಬ್ಬಕ್ಕೂ ಕಾಪಾಡಿದ ಕಿವಿ! ಬಾಯಿ ತೆರೆದೆ, ಕೇಕಿನ ತುಂಡು ಹಾಕಿಕೊಂಡು ಮುಚ್ಚಿದೆ. ಮನೆಗೆ ಹೋಗಿ ಯಜಮಾನರಿಗೂ ಹೇಳಲಿಲ್ಲ. ಹೇಳಿದ್ದರೂ ಅವರಿಗೆ ತಿಳಿಯುತ್ತಿರಲಿಲ್ಲ. ಇನ್ನು ಈ ಲೋಕದಲ್ಲಿ ತಿಳಿಯುವವಳು ಒಬ್ಬಳೇ ಇದ್ದಳು, ಅವಳಿಗೆ ಹೇಳುವ ಹಾಗಿರಲಿಲ್ಲ.

ಹೊಸ ವರ್ಷದ ಮೊದಲ ಶನಿವಾರ ಮೇಷ್ಟ್ರು ಏರ್ಪಾಡು ಮಾಡಿದರು. ಹಬ್ಬದ ಆರಾಧನೆಗಳಿಗೆ ನಿರ್ಮಲಾ, ಉಳಿದ ಭಾನುವಾರಗಳಿಗೆ ನಾನು. ಅಭ್ಯಾಸಕ್ಕೆ ಮುಂಚೆ ಅರ್ಧ ಗಂಟೆ ನಿರ್ಮಲಾಳಿಂದ ನನಗೆ ಪಾಠ. ಬಿಸಿಲು ಬಣ್ಣದ ಗಾಜಿನಿಂದ ಇಳಿದು ಕೀಗಳ ಮೇಲೆ ಬಿದ್ದಿತ್ತು. ಅವಳು ಬೆಂಚಿನಲ್ಲಿ ಸರಿದು ನನಗೆ ಜಾಗ ಬಿಟ್ಟಳು. ನನ್ನ ಬೆಂಚಿನಲ್ಲಿ ನನಗೆ ಜಾಗ!

"ನೋಡ್ರಿ ಅಕ್ಕಾರ, ಇದು ಭಾಳ ತ್ರಾಸಿನ ಕೆಲಸಲ್ಲ. ಮೂರನೇ ಚರಣ ಮುಗಿಯೂಮುಂದ ಬೇಸ್‌ದವರ ದನಿಗೆ ಕಿವಿ ಕೊಡ್ರಿ. ಇಳಸೂದು ಅವರ. ಅವರು ಎಲ್ಲಿ ನಿಂತಾರ ನೋಡಿ, ನೀವು ಅಲ್ಲಿಂದ ಎತ್ತರಿ."

ತಪ್ಪು. ನಮ್ಮ ಬೇಸಿನವರು ಕಂಬದ ಹಾಗೆ ನೆಟ್ಟಗಿದ್ದವರು. ಇಳಿಸುತ್ತಿದ್ದವರು ಟೆನರಿನ ಆನಂದಪ್ಪ, ಅದೂ ಎರಡನೇ ಸಾಲಿನಲ್ಲಿ, ಪುಸ್ತಕ ನೋಡುವಾಗ. ಅದು ನಾಲಿಗೆಯ ತುದಿಗೆ ಬಂತು. ನುಂಗಿದೆ.

"ಹೌದಾ? ಬೇಸಾ?" ಎಂದೆ.

"ಹ್ಞೂಂ ರೀ. ಈಗ ನೀವು ಅರ್ಧ ಸ್ವರ ಇಳಿಸಿ ಒಂದ್ಸಲ ಪ್ರಯತ್ನ ಮಾಡ್ರಿ. ಬೆರಳು ತಪ್ಪತಾವ, ಅಂಜಬ್ಯಾಡ್ರಿ. ಮೊದಲ ಎಲ್ಲಾರ್ದೂ ತಪ್ಪತಾವ."

ಬೇಕೆಂದೇ ನಾಲ್ಕು ಕಡೆ ತಪ್ಪಬೇಕು ಎಂದು ತೀರ್ಮಾನಿಸಿಕೊಂಡೇ ಕೈ ಇಟ್ಟೆ. ಆದರೆ ಬೆರಳುಗಳಿಗೆ ಆ ದಾರಿ ಅಡುಗೆಮನೆಯ ದಾರಿಯಷ್ಟೇ ಗೊತ್ತಿತ್ತು. ಅವಕ್ಕೆ ನಟಿಸಲು ಬರಲಿಲ್ಲ. ಮೊದಲ ಸ್ವರದಿಂದ 'ಆಮೆನ್'ವರೆಗೆ ಒಂದು ಕೀಯೂ ತಪ್ಪದೆ ಬಾರಿಸಿಬಿಟ್ಟವು. ನನ್ನ ಜೀವಮಾನದಲ್ಲಿ ನಾನು ಅಷ್ಟು ಚೆನ್ನಾಗಿ ಬಾರಿಸಿದ್ದು ಅದೊಂದೇ ಸಲವಿರಬೇಕು.

ಸದ್ದು ನಿಂತಿತು. ಎಲ್ಲ ತಿಳಿದುಹೋಯಿತು ಎಂದುಕೊಂಡೆ. ನಿಜ ಹೇಳುತ್ತೇನೆ, ತಿಳಿಯಲಿ ಎಂದು ಆಸೆಯೂ ಆಯಿತು. ನೀಚಳೆಂದರೆ ಅನ್ನಲಿ, ಕಿವಿಯೊಂದು ನನಗೆ ವಾಪಸು ಸಿಗಲಿ. ಮೆಲ್ಲಗೆ ಅವಳ ಕಡೆ ತಿರುಗಿದೆ.

ನಿರ್ಮಲಾ ಎರಡೂ ಕೈ ಕೆನ್ನೆಗೆ ಇಟ್ಟುಕೊಂಡು, ಕಣ್ಣರಳಿಸಿ, ಮನಸ್ಸು ತುಂಬಿ ನನ್ನನ್ನೇ ನೋಡುತ್ತಿದ್ದಳು.

"ಅಯ್ಯ ನಮ್ಮವ್ವಾ, ಎಷ್ಟ ಲಗೂನ ಕಲತ್ರೀ ಅಕ್ಕಾರ!" ಎಂದಳು. ಆಮೇಲೆ ಬಾಗಿಲ ಕಡೆ ತಿರುಗಿ, ಒಳಗೆ ಬರುತ್ತಿದ್ದ ಮೇಷ್ಟ್ರಿಗೆ ಕೇಳುವಂತೆ ಕೂಗಿದಳು, "ಸರ, ಅಕ್ಕಾರಿಗೆ ಬಂತ್ರೀ!"